ಅಪ್ಪನ ನಂಬರ್ ಮಾತ್ರ ಕೊಡಬೇಡ

ಪ್ರೀತಿಯ ಪುಟ್ಟಿ,

ಅಪ್ಪನ ಮಂಡಿನೋವು ಹಾಗೇ ಇದೆ. ಆದರೂ ಸಂಜೆ ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಸುತ್ತು ಹಾಕದಿದ್ದರೆ ಅವರಿಗೆ ನಿದ್ದೆ ಬಾರದು. ನೀನು ಚಿನ್ನದ ಗಣಿಯವರ ಹಳೇ ಫೋಟೊಗಳಿಗೆ ವೆಬ್‌ಸೈಟ್ ಮಾಡುತ್ತೀಯ ಅಂತ ಕೇಳಿದ್ದೇ ತಡ, ಟ್ರಂಕು ತೆಗೆದು ಕೂತುಬಿಟ್ಟಿದ್ದಾರೆ. ಕ್ಯಾಪ್ ಲ್ಯಾಂಪ್ ಹಾಕಿಕೊಂಡು ಚಾಂಪಿಯನ್ ರೀಫ್ ಗಣಿಯಲ್ಲಿ ನಿಂತ ಫೋಟೊ ಇದೆಯಲ್ಲ, ಅದರ ಹಿಂದೆ ಜೊತೆಗಾರರ ಹೆಸರನ್ನು ಒಂದೊಂದಾಗಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದಾರೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಅವರೆಲ್ಲ ಎಲ್ಲೆಲ್ಲಿ ಚದುರಿದರೋ. ಒಳ್ಳೇ ಕೆಲಸ ಹಿಡಿದಿದ್ದೀಯ.

ಆದರೆ ಸೈಟಿನ ಹೆಸರು, ಅಂದರೆ ಡೊಮೈನ್, ಕೊಳ್ಳುವಾಗ ಇಲ್ಲಿನ ಮನೆ ವಿಳಾಸ, ಅಪ್ಪನ ಮೊಬೈಲ್ ನಂಬರ್ ತುಂಬುತ್ತೀನಿ ಅಂದೆಯಂತೆ. ಬೇಡ ಕಣೇ. ಹೆಸರು ಯಾರದ್ದು ಅಂತ ಯಾರು ಬೇಕಾದರೂ ಹುಡುಕಿ ನೋಡುವ ದಾಖಲೆ ಇದೆ, ಅದನ್ನು ಹೂಈಸ್ ಅನ್ನುತ್ತಾರೆ. ಮೊದಲೆಲ್ಲ ಮನೆ ನಂಬರಿನಿಂದ ಹಿಡಿದು ಎಲ್ಲವೂ ಅದರಲ್ಲಿ ಬಯಲು. 2018ರ ಮೇ ತಿಂಗಳಲ್ಲಿ ಖಾಸಗಿ ವಿವರ ಕಾಯುವ ಯುರೋಪಿನ ಕಾನೂನು ಜಾರಿಯಾದ ಮೇಲೆ ಡಾಟ್ ಕಾಮ್ ಕೊಂಡವರ ವಿಳಾಸ, ಫೋನ್ ಸಾಮಾನ್ಯವಾಗಿ ಮುಚ್ಚಿರುತ್ತವೆ. ಬಂಗಾರಪೇಟೆಯ ದೊಡ್ಡಮ್ಮನ ಮಗ ಅದಕ್ಕೂ ಮುಂಚೆಯೇ ಚಾಟ್ಸ್ ಅಂಗಡಿಗೆ ಹೆಸರು ಕೊಂಡಿದ್ದ. ಪೂರಿಗೆ ತಿಳಿಪಾನಿ ತುಂಬುವ ಹೊತ್ತಲ್ಲೇ ಫೋನ್: "ಸಾರ್, ಲೋಗೋ ಮಾಡಿಕೊಡಬೇಕಾ?" ಸಂಬಂಧವೇ ಇಲ್ಲದವರಿಂದ ರಿನೀವಲ್ ಬಿಲ್ಲು ಬೇರೆ. ಆಮೇಲೆ ವಿವರ ಮುಚ್ಚಿಸಿದ. ಆದರೆ ಹಳೇ ದಾಖಲೆಗಳನ್ನು ನಕಲು ಮಾಡಿಟ್ಟು ಮಾರುವವರೇ ಇದ್ದಾರೆ, ಫೋನ್ ಇನ್ನೂ ನಿಂತಿಲ್ಲ.

ಆ ಅಣ್ಣನಾದರೆ ಬೈದು ಫೋನ್ ಇಡುತ್ತಾನೆ. ಅಪ್ಪ? ಗಣಿಯವರ ಬಾಕಿ ಹಣದ ಮಾತು ಇಷ್ಟು ವರ್ಷವಾದರೂ ಇಲ್ಲಿ ಮುಗಿದಿಲ್ಲ. ಗಣಿಯ ಹೆಸರಿನ ಸೈಟು, ಅದರ ಹಿಂದೆ ಒಬ್ಬ ಹಳೇ ಕೆಲಸಗಾರನ ನಂಬರು. "ಬಾಕಿ ಮಂಜೂರಾಗಿದೆ, ಒಟಿಪಿ ಹೇಳಿ" ಅಂದರೆ ಸಾಕು, ಕನ್ನಡಕ ಹುಡುಕಿಕೊಂಡು ಓದಿ ಹೇಳಿಬಿಡುತ್ತಾರೆ.

ಹಾಗಂತ ಸುಳ್ಳು ವಿವರವನ್ನೂ ಕೊಡಬೇಡ, ಹೆಸರೇ ಕೈತಪ್ಪಬಹುದು. ಡಾಟ್ ಕಾಮ್ ಆದರೆ ಹೆಸರು ಮಾರಿದವರು ಕಳಿಸಿದ ಇಮೇಲ್‌ಗೆ 15 ದಿನದೊಳಗೆ ಒಪ್ಪಿಗೆ ಒತ್ತದಿದ್ದರೂ ಸೈಟು ನಿಲ್ಲಬಹುದು. ನಿನ್ನದೇ ಹೆಸರು, ನೀನೀಗಿರುವ ವಿಳಾಸ ಕೊಡು. ಮನೆ ಬದಲಾಯಿಸಿದಾಗ ತಿದ್ದು. ಇದಕ್ಕೇ ಅಂತ ಬೇರೆ ಇಮೇಲ್, ಬೇರೆ ಸಿಮ್ ಇಟ್ಟುಕೋ. ಖಾಸಗಿ ವಿವರ ಮುಚ್ಚುವ ಸೌಲಭ್ಯ ಎಷ್ಟೋ ಕಡೆ ಪುಕ್ಕಟೆ, ಅದಕ್ಕೆ ದುಡ್ಡು ಕೇಳಿದರೆ ಬೇರೆಯವರನ್ನು ನೋಡು. ಡಾಟ್ ಇನ್ ನೋಡಿಕೊಳ್ಳುವುದು ನಿಕ್ಸಿ ಅನ್ನುವ ಸಂಸ್ಥೆ. ಅಲ್ಲಿ ಇನ್ನೊಬ್ಬರ ಹೆಸರಿನ ಮರೆಯಲ್ಲಿ ನಿಲ್ಲುವ ಪ್ರಾಕ್ಸಿಗೆ ಅವಕಾಶವಿಲ್ಲ. ವಿಳಾಸ ಮುಚ್ಚಿದರೂ ರಾಜ್ಯ ಮತ್ತು 'ಸಂಸ್ಥೆ' ಅನ್ನುವ ಕಾಲಂ ಕಾಣುತ್ತವೆ, ಆ ಕಾಲಂನಲ್ಲಿ ಮನೆಯವರ ಹೆಸರು ತುಂಬಬೇಡ.

ಹೆಸರು ಕೊಂಡ ಮೇಲೆ ಹೂಈಸ್‌ನಲ್ಲಿ ನೀನೇ ಹುಡುಕಿ ನೋಡು. ಏನೇನು ಕಾಣುತ್ತದೋ ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸು, ಅಪ್ಪನಿಗೆ ಫೋನ್ ಮಾಡುವುದು ಆಮೇಲೆ.

ನಿನ್ನ
ಅಕ್ಕ