ಕೃಷ್ಣೆಯ ಹಿನ್ನೀರು ಮತ್ತು ಕಡಲಿನ ಪಾಳಿ ಈಜು

ಜಮಖಂಡಿ

ತಮ್ಮಾ,

ದಡದಿಂದ ದಡಕ್ಕೆ ಒಬ್ಬರೇ ಈಜುವ ಬದಲು ಹಲವರು ಪಾಳಿಯಂತೆ ನೀರಿಗಿಳಿದು ಕಡಲಿನ ದೂರವನ್ನು ಹಂಚಿಕೊಳ್ಳುವ ರಿಲೇ ಈಜಿಗೆ, ಕಡಲೇ ಇಲ್ಲದ ಜಮಖಂಡಿ ಸೀಮೆಯಲ್ಲಿ ಎಷ್ಟರ ಮಟ್ಟಿಗೆ ಸಿದ್ಧತೆ ಸಾಧ್ಯ ಎಂಬ ಪ್ರಶ್ನೆ ಇಲ್ಲಿನ ನೀರನ್ನು ಕಂಡವರಲ್ಲಿ ತಾನಾಗಿ ಏಳುತ್ತದೆ. ರಬಕವಿ-ಬನಹಟ್ಟಿಯ ಆಸುಪಾಸಿನಲ್ಲಿ ಹಿಪ್ಪರಗಿ ಬ್ಯಾರೇಜು ಕೃಷ್ಣೆಯನ್ನು ತಡೆದಿದೆ. ಮುಧೋಳದ ಮಗ್ಗುಲಲ್ಲಿ ಘಟಪ್ರಭೆ ಹರಿಯುತ್ತದೆ. ಬೀಳಗಿ ತಾಲೂಕಿನ ಹಲವು ಊರುಗಳನ್ನು ಮುಳುಗಿಸಿದ ಆಲಮಟ್ಟಿಯ ಹಿನ್ನೀರು, ಜಲಾಶಯ 519.6 ಮೀಟರಿನ ಪೂರ್ಣ ಮಟ್ಟಕ್ಕೆ ಬಂದಾಗ, ಕಣ್ಣಳತೆಗೆ ಸಿಗದಷ್ಟು ಹರಡುತ್ತದೆ. ಬೆನ್ನಿಗೆ ಬೆಂಡು ಕಟ್ಟಿ ಮಕ್ಕಳಿಗೆ ಬಾವಿಯಲ್ಲಿ ಈಸು ಕಲಿಸುವ ರೂಢಿಯೂ ಈ ಭಾಗಕ್ಕೆ ಹೊಸದಲ್ಲ.

ಪಾಳಿ ಈಜಿನ ಕಟ್ಟುಪಾಡುಗಳಿಗೆ ಇಂಗ್ಲಿಷ್ ಕಾಲುವೆಯೇ ಮಾದರಿ. ಅತಿ ಕಿರಿದಾದ ಕಡೆ ಸುಮಾರು 33 ಕಿಲೋಮೀಟರ್ ಅಗಲವಿರುವ ಆ ಜಲಸಂಧಿಯನ್ನು ಮಿಹಿರ್ ಸೇನ್ 1958ರಲ್ಲಿ, ಆರತಿ ಸಾಹಾ 1959ರಲ್ಲಿ ಏಕಾಂಗಿಯಾಗಿ ದಾಟಿದರು. 2018ರ ಜೂನ್‌ನಲ್ಲಿ ಭಾರತದ ಅಂಗವಿಕಲ ಈಜುಗಾರರ ತಂಡವೊಂದು ಪಾಳಿಯಲ್ಲಿ ದಾಟಿತು. ಸಾಮಾನ್ಯವಾಗಿ ತಂಡದಲ್ಲಿ ಆರು ಜನರಿದ್ದು, ಪ್ರತಿಯೊಬ್ಬರೂ ಒಂದು ಗಂಟೆ ಈಜಬೇಕು. ಮೊದಲು ಗೊತ್ತುಮಾಡಿದ ಸರದಿ ಕೊನೆಯವರೆಗೆ ಬದಲಾಗಕೂಡದು. ಮುಂದಿನ ಪಾಳಿಯವರು ಈಜುತ್ತಿರುವವರ ಹಿಂದಿನಿಂದ ನೀರಿಗಿಳಿದು ಅವರನ್ನು ದಾಟಿ ಮುಂದೆ ಹೋಗಬೇಕು. ಮೈಯ ಶಾಖವನ್ನು ಹಿಡಿದಿಡುವ ರಬ್ಬರ್ ಉಡುಪಿಗೆ ಅವಕಾಶವಿಲ್ಲ. ಆದುದರಿಂದ ಪಾಳಿ ಈಜು ಸುಲಭವೆಂಬ ಎಣಿಕೆ ತಪ್ಪು. ಒಂದು ಗಂಟೆ ಈಜಿ ದಣಿದವರು ಒದ್ದೆ ಮೈಯಲ್ಲಿ ದೋಣಿ ಹತ್ತಿ, ಐದು ಗಂಟೆ ಅಲೆಯ ಓಲಾಟವನ್ನೂ ವಾಕರಿಕೆಯನ್ನೂ ತಡೆದುಕೊಂಡು, ಬಿಗಿದು ನಿಂತ ಮಾಂಸಖಂಡಗಳೊಡನೆ ಮತ್ತೆ ತಣ್ಣೀರಿಗೆ, ಕೆಲವೊಮ್ಮೆ ನಡುರಾತ್ರಿಯ ಕತ್ತಲಲ್ಲಿ, ಇಳಿಯಬೇಕಾಗುತ್ತದೆ. ಒಬ್ಬರು ತಮ್ಮ ಪಾಳಿಯನ್ನು ಪೂರೈಸದಿದ್ದರೂ ಆರು ಜನರ ಪ್ರಯತ್ನವೂ ಅಲ್ಲಿಗೆ ಮುಗಿಯುತ್ತದೆ.

ದೋಣಿಯಲ್ಲಿ ಪಾಳಿಗಾಗಿ ಕಾಯುವ ಈ ಶಿಸ್ತನ್ನು ಬೀಳಗಿಯ ಹಿನ್ನೀರಿನಲ್ಲಿ ಕಲಿಯಲು ಅಡ್ಡಿಯಿಲ್ಲ. ಗೋಡೆಯನ್ನು ಒದ್ದು ತಿರುಗುವ ಕೊಳದ ಸೌಕರ್ಯ ಇಲ್ಲದ ಕಡೆ ಎಡಬಲ ಎರಡೂ ಬದಿಗೆ ಉಸಿರೆಳೆಯುವುದನ್ನೂ, ಕೆಲವು ಕೈಬೀಸಿಗೊಮ್ಮೆ ತಲೆಯೆತ್ತಿ ದೂರದ ಗುರುತು ನೋಡಿ ದಿಕ್ಕು ಸರಿಪಡಿಸಿಕೊಳ್ಳುವುದನ್ನೂ, ಬೆಂಗಾವಲು ದೋಣಿಯ ಪಕ್ಕದಲ್ಲೇ ಈಜುವುದನ್ನೂ ಇಲ್ಲಿ ರೂಢಿಸಿಕೊಳ್ಳಬಹುದು. ಆದರೆ ಕೃಷ್ಣೆಯಲ್ಲಿ ಮೊಸಳೆಗಳಿವೆ. ಹಿನ್ನೀರಿನ ತಳದಲ್ಲಿ ಹಳೆಯ ಊರುಗಳ ಅವಶೇಷಗಳಿರುವ ಕಡೆ ನೀರು ಇಳಿದಾಗ ಅಪಾಯ ಹೆಚ್ಚು. ನೀರಿನ ಗುಣ ಬಲ್ಲ ಮೀನುಗಾರರ ಒಪ್ಪಿಗೆ, ಜೊತೆಗೊಂದು ದೋಣಿ, ಜೀವರಕ್ಷಕರು ಇವಿಷ್ಟೂ ಇಲ್ಲದೆ ಯಾರನ್ನೂ ಇಲ್ಲಿ ಇಳಿಸುವುದು ಸಲ್ಲದು.

ಕಡಲು ಕಲಿಸುವುದನ್ನು ಮಾತ್ರ ಹೊಳೆ ಕಲಿಸಲಾರದು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲನೀರು ಸಿಹಿನೀರಿಗಿಂತ ಹೆಚ್ಚು ಸಾಂದ್ರವಾದ್ದರಿಂದ ಮೈ ಮೇಲಕ್ಕೆ ತೇಲುತ್ತದೆ ನಿಜ. ಅದೇ ಉಪ್ಪು ನಾಲಿಗೆ, ಗಂಟಲುಗಳನ್ನು ಊದಿಸುತ್ತದೆ, ಕಂಕುಳು, ಕತ್ತುಗಳಲ್ಲಿ ಉಜ್ಜಿ ಚರ್ಮವನ್ನು ಸುಲಿಯುತ್ತದೆ. ಈ ಕಾರಣಕ್ಕೆ ಈಜುಗಾರರು ಆ ಜಾಗಗಳಿಗೆ ದಪ್ಪಗೆ ವ್ಯಾಸಲೀನ್ ಹಚ್ಚಿಕೊಳ್ಳುತ್ತಾರೆ. ಸುಮಾರು ಆರು ಗಂಟೆಗೊಮ್ಮೆ ಬದಲಾಗುವ ಭರತ-ಇಳಿತಗಳು ಈಜುವವರನ್ನು ಪಕ್ಕಕ್ಕೆ ಒಯ್ಯುವ ಬಗೆಯನ್ನು ಮೈಯೇ ಅರಿಯಬೇಕು. ಇಂಗ್ಲಿಷ್ ಕಾಲುವೆಗೆ ಹೋಗುವವರು ಸುಮಾರು 16 ಡಿಗ್ರಿಯ ನೀರಿನಲ್ಲಿ ಈಜಿದ ಪುರಾವೆಯನ್ನೂ ಒದಗಿಸಬೇಕು. ಆ ಚಳಿ ಕೃಷ್ಣೆಯಲ್ಲೂ ಇಲ್ಲ, ನಿನ್ನ ಕಾರವಾರದ ಕಡಲಲ್ಲೂ ಇಲ್ಲ.

ಹಾಗಿದ್ದರೂ ಏಕಾಂಗಿ ಈಜಿಗಿಂತ ಪಾಳಿ ಈಜೇ ಈ ಸೀಮೆಯ ಸ್ವಭಾವಕ್ಕೆ ಒಗ್ಗುವಂಥದ್ದು. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ 1989ರಲ್ಲಿ ಕೃಷ್ಣೆಗೆ ಕಟ್ಟಿದ ಬ್ಯಾರೇಜು ‘ಶ್ರಮಬಿಂದು ಸಾಗರ’ ಎನಿಸಿಕೊಂಡಿದೆ. ಹೊಳೆಯನ್ನೇ ಕೂಡಿ ನಿಲ್ಲಿಸಿದ ಜನರ ಮಕ್ಕಳಿಗೆ ಕೂಡಿ ಈಜುವುದು ಅಸಾಧ್ಯವಲ್ಲ. ಅವರಿಗೆ ಬೇಕಾದದ್ದು ತರಬೇತುದಾರರು, ಸುರಕ್ಷಿತವೆಂದು ಗುರುತಿಸಿದ ನೀರು ಮತ್ತು ಪ್ರತಿವರ್ಷ ಕೆಲವು ವಾರಗಳ ಕಡಲಿನ ಸಹವಾಸ. ಇಲ್ಲಿನ ಹುಡುಗ ಹುಡುಗಿಯರು ಎಂದಾದರೂ ಕಾರವಾರಕ್ಕೆ ಅಭ್ಯಾಸಕ್ಕೆ ಬಂದರೆ ನಿನ್ನ ಈಜು ತಂಡ ತನ್ನ ದೋಣಿಯಲ್ಲಿ ಅವರಿಗೂ ಜಾಗ ಕೊಡಲಿ.



ಅಕ್ಕ