ಮಣಿಕಟ್ಟಿನ ಸಾಕ್ಷ್ಯ

ಆಹಾರದಂತೆ ನಿದ್ರೆಯೂ ಶರೀರವನ್ನು ಎತ್ತಿಹಿಡಿಯುವ ಉಪಸ್ತಂಭಗಳಲ್ಲೊಂದೆಂದು ಚರಕಸಂಹಿತೆಯು ಎಣಿಸಿರುವುದು. ಆ ಕಂಬದ ಗಟ್ಟಿತನವನ್ನು ಹೇಳುವ ಹೊಣೆಯನ್ನು ಈಗ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಗಡಿಯಾರವು ವಹಿಸಿಕೊಂಡಿದೆ. ಬೆಳಗಾದೊಡನೆ ಅದು ಗಾಢನಿದ್ರೆ ಇಷ್ಟು, ಸ್ವಪ್ನನಿದ್ರೆ ಇಷ್ಟು, ಎಚ್ಚರ ಇಷ್ಟು ಎಂದು ನಿಮಿಷಗಳ ಲೆಕ್ಕವನ್ನೊಪ್ಪಿಸುವುದು. ಲೆಕ್ಕವು ಅಚ್ಚುಕಟ್ಟಾಗಿರುವುದರಿಂದಲೇ ಅದನ್ನು ನಂಬುವವರು ಬಹುಮಂದಿ.

ಆದರೆ ಆ ಯಂತ್ರವು ನಿದ್ರೆಯನ್ನು ಕಂಡುದೇ ಇಲ್ಲ. ನಿದ್ರೆಯು ಮಿದುಳಿನ ವ್ಯಾಪಾರ. ಅದನ್ನು ಪರೀಕ್ಷಿಸುವ ವೈದ್ಯಶಾಲೆಗಳಲ್ಲಿ ತಲೆಗೆ ತಂತಿಗಳನ್ನಂಟಿಸಿ, ಮಿದುಳಿನ ವಿದ್ಯುತ್ತರಂಗಗಳನ್ನೂ ಕಣ್ಣುಗುಡ್ಡೆಗಳ ಚಲನೆಯನ್ನೂ ಗದ್ದದ ಸ್ನಾಯುವಿನ ಬಿಗಿತವನ್ನೂ ರಾತ್ರಿಯೆಲ್ಲ ದಾಖಲಿಸಿ, 30 ಸೆಕೆಂಡುಗಳ ತುಂಡುಗಳಾಗಿ ಪರಿಶೀಲಿಸುವರು. ಅಷ್ಟಾದರೂ ಒಂದೇ ದಾಖಲೆಯನ್ನು ನೋಡಿದ ಇಬ್ಬರು ಪರಿಣತರು ಕೆಲವು ತುಂಡುಗಳ ವಿಷಯದಲ್ಲಿ ಒಮ್ಮತಕ್ಕೆ ಬಾರದಿರುವುದುಂಟು.

ಮಣಿಕಟ್ಟಿನ ಯಂತ್ರಕ್ಕಾದರೋ ಮುಖ್ಯವಾಗಿ ಎರಡೇ ಆಧಾರಗಳು: ಕೈಯ ಅಲುಗಾಟ, ಮತ್ತು ಚರ್ಮದೊಳಕ್ಕೆ ಹಸುರು ಬೆಳಕನ್ನು ಹಾಯಿಸಿ ಅರಿತ ನಾಡಿ. ಮಿಕ್ಕುದೆಲ್ಲ ಅನುಮಾನ. ಹೊಗೆಯಿದ್ದಲ್ಲಿ ಬೆಂಕಿಯನ್ನು ಊಹಿಸುವುದು ಸಾಧು. ಆದರೆ ನಿಶ್ಚಲತೆಯು ನಿದ್ರೆಯಿಲ್ಲದೆಡೆಯಲ್ಲಿಯೂ ಇರಬಲ್ಲುದು. ಇಂತಹ ಹೇತುವನ್ನು ತಾರ್ಕಿಕರು ಸವ್ಯಭಿಚಾರವೆಂದು ತಳ್ಳಿಹಾಕುವರು. ಪರೀಕ್ಷೆಗಳಲ್ಲಿ ಕಂಡುಬಂದ ದೋಷವೂ ಇದೇ: ನಿದ್ರೆಯನ್ನು ನಿದ್ರೆಯೆಂದು ಗುರುತಿಸುವುದರಲ್ಲಿ ಯಂತ್ರವು ಸಮರ್ಥ, ಎಚ್ಚರವನ್ನು ಎಚ್ಚರವೆಂದು ಗುರುತಿಸುವುದರಲ್ಲಿ ದುರ್ಬಲ. ಚೆನ್ನಾಗಿ ನಿದ್ರಿಸುವವನಿಗೆ ಇದರಿಂದ ಹೆಚ್ಚು ಹಾನಿಯಿಲ್ಲ. ನಿದ್ರೆ ಬಾರದವರ ಗತಿಯೇ ಬೇರೆ.

ಮಗನು ಪ್ರೀತಿಯಿಂದ ಇಂತಹ ಪಟ್ಟಿಯೊಂದನ್ನು ವೃದ್ಧಮಾತೆಯ ಕೈಗೆ ಕಟ್ಟಿದನೆಂದು ಭಾವಿಸಬಹುದು. ಪಕ್ಕದಲ್ಲಿ ಮಲಗಿದ ಮೊಮ್ಮಗಳಿಗೆ ಎಚ್ಚರವಾದೀತೆಂದು ಆಕೆ ಮಗ್ಗುಲನ್ನೂ ಬದಲಿಸದೆ, ಮನಸ್ಸಿನಲ್ಲೇ ಸಹಸ್ರನಾಮವನ್ನು ಹೇಳಿಕೊಳ್ಳುತ್ತ ರಾತ್ರಿಯನ್ನು ಕಳೆಯುವಳು. ಬೆಳಗ್ಗೆ ಯಂತ್ರವು ಏಳು ಗಂಟೆಯ ನಿದ್ರೆಯೆನ್ನುವುದು. “ಚೆನ್ನಾಗಿಯೇ ನಿದ್ದೆ ಮಾಡಿದ್ದೀಯಲ್ಲಮ್ಮ!” ಎಂದು ಮಗನಿಗೆ ಸಮಾಧಾನ. ಆಕೆ ಮರುದಿನದಿಂದ ಆ ಮಾತನ್ನೆತ್ತುವುದಿಲ್ಲ.

ವಿಪರೀತವೂ ಉಂಟು. ಒಳ್ಳೆಯ ಅಂಕಗಳಿಗಾಗಿ ಹಂಬಲಿಸಿ ಇದ್ದ ನಿದ್ರೆಯನ್ನೂ ಕೆಡಿಸಿಕೊಂಡವರನ್ನು ಕಂಡ ಅಮೆರಿಕದ ವೈದ್ಯರು 2017ರಲ್ಲಿ ಆ ಗೀಳಿಗೆ ಆರ್ಥೋಸೋಮ್ನಿಯ ಎಂದು ಹೆಸರಿಟ್ಟರು. ಅವರಲ್ಲೊಬ್ಬ ರೋಗಿಯು, ಪರೀಕ್ಷೆಯಲ್ಲಿ ಗಾಢನಿದ್ರೆ ಕಂಡುಬಂದಿದೆಯೆಂದು ತಿಳಿಸಿದಾಗಲೂ, ಹಾಗಾದರೆ ಯಂತ್ರವೇಕೆ ಬೇರೆ ಹೇಳುತ್ತಿದೆಯೆಂದು ಕೇಳಿದುದುಂಟು!

ಮಲಗುವ ಏಳುವ ವೇಳೆಗಳು ವಾರದಿಂದ ವಾರಕ್ಕೆ ಹೇಗೆ ಜಾರುತ್ತಿವೆಯೆಂದು ತಿಳಿಯುವುದಕ್ಕೆ ಈ ಗಡಿಯಾರವು ಸಾಕು. ನಿದ್ರಾಹೀನತೆಗೆ ಚಿಕಿತ್ಸೆ ಮಾಡುವ ವೈದ್ಯರಾದರೋ ಇಂದಿಗೂ ರೋಗಿಯು ಪ್ರತಿದಿನ ಬೆಳಗ್ಗೆ ತನ್ನ ಕೈಯಿಂದಲೇ ಬರೆದ ದಿನಚರಿಯನ್ನು ತರಹೇಳುವರು.