ಎಡ ಕಾರ್ನರ್‌ನಿಂದ ಕಂಡ ಕಬಡ್ಡಿ

ಕಬಡ್ಡಿ ನೋಡಲು ಬಂದವರ ಕಣ್ಣೆಲ್ಲ ರೈಡರ್ ಮೇಲೆಯೇ ಇರುತ್ತದೆ. ಚಪ್ಪಾಳೆ ಅವನಿಗೆ, ಮರುದಿನ ಕ್ಲಾಸಿನಲ್ಲಿ ಮಾತು ಅವನದೇ. ಎರಡು ವರ್ಷದಿಂದ ನಾನು ಕಾಲೇಜು ತಂಡದಲ್ಲಿ ಎಡ ಕಾರ್ನರ್‌ನಲ್ಲಿ ನಿಲ್ಲುತ್ತಿದ್ದೇನೆ. ಅಲ್ಲಿಂದ ಆಟ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಒಂದು ತಂಡದ ಬಲ ಎಲ್ಲಿದೆ, ದೌರ್ಬಲ್ಯ ಎಲ್ಲಿದೆ ಎಂದು ಯಾರಾದರೂ ಕೇಳಿದರೆ, ನಾನು ಮೊದಲು ಹೇಳುವುದು ಎಲ್ಲರಿಗೂ ಗೊತ್ತಿರುವ ಒಂದು ನಿಯಮವನ್ನು. ಔಟಾದ ಆಟಗಾರ ತಾನಾಗಿ ಒಳಗೆ ಬರುವಂತಿಲ್ಲ. ಅವನ ತಂಡದವರು ಎದುರಾಳಿಯನ್ನು ಔಟ್ ಮಾಡಿದಾಗ ಮಾತ್ರ, ಔಟಾದ ಸರದಿಯಂತೆ ಒಬ್ಬೊಬ್ಬರಾಗಿ ಮರಳುತ್ತಾರೆ. ಅಂದರೆ, ಎಷ್ಟೇ ದೊಡ್ಡ ರೈಡರ್ ಇರಲಿ, ಸಿಕ್ಕಿಬಿದ್ದು ಹೊರಗೆ ಕುಳಿತ ಮೇಲೆ ಅವನನ್ನು ಒಳಗೆ ಕರೆತರಬೇಕಾದವರು ಉಳಿದವರು.

ಬೆಂಗಳೂರು ಬುಲ್ಸ್ ತಂಡದ ಕಥೆ ಇದನ್ನೇ ಹೇಳುತ್ತದೆ. ಪ್ರೊ ಕಬಡ್ಡಿ ಲೀಗ್ 2014ರಲ್ಲಿ ಶುರುವಾಯಿತು. 2015ರಲ್ಲಿ ಬುಲ್ಸ್ ಫೈನಲ್‌ನಲ್ಲಿ ಯು ಮುಂಬಾ ಎದುರು ಸೋತಿತು. 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿ ಮೊದಲ ಸಲ ಕಪ್ ಗೆದ್ದಿತು. ಆ ದಿನ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಅದೇ ವರ್ಷದ ಮುಂದಿನ ಸೀಸನ್ನಿನಲ್ಲಿ ಅವರು 346 ರೈಡ್ ಅಂಕ ಗಳಿಸಿದರು. ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 39 ಅಂಕ! ಆದರೂ ಸೆಮಿಫೈನಲ್‌ನಲ್ಲಿ ದಬಂಗ್ ಡೆಲ್ಲಿ ಎದುರು ಬುಲ್ಸ್ 44–38ರಿಂದ ಸೋತಿತು. 38 ಅಂಕ ಗಳಿಸುವುದು ಸಣ್ಣ ಮಾತಲ್ಲ, ಅಷ್ಟೇ ಅಂಕಕ್ಕೆ ಹಿಂದಿನ ಸಲ ಕಪ್ ಬಂದಿತ್ತು. ಈ ಸಲ 44 ಅಂಕ ಬಿಟ್ಟುಕೊಟ್ಟದ್ದೇ ಮುಳುವಾಯಿತು.

2022ರಲ್ಲಿ ಪವನ್ 2.26 ಕೋಟಿ ರೂಪಾಯಿಗೆ ತಮಿಳ್ ತಲೈವಾಸ್ ಪಾಲಾದರು. 2024ರಲ್ಲಿ ಬುಲ್ಸ್ ಮತ್ತೆ ಹೆಸರಾಂತ ರೈಡರ್‌ನನ್ನೇ ತಂದಿತು. ಲೀಗಿನಲ್ಲಿ ಅತಿ ಹೆಚ್ಚು ರೈಡ್ ಅಂಕಗಳ ಒಡೆಯ, 'ಡುಬ್ಕಿ ಕಿಂಗ್' ಪರ್ದೀಪ್ ನರ್ವಾಲ್. ಆ ಸೀಸನ್ನಿನ 22 ಪಂದ್ಯಗಳಲ್ಲಿ ಬುಲ್ಸ್ ಗೆದ್ದದ್ದು ಬರೀ ಎರಡು. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ. ದೊಡ್ಡ ಹೆಸರಿದ್ದರೆ ತಂಡ ತಾನಾಗಿ ನಿಲ್ಲುತ್ತದೆ ಎಂದು ನಂಬಿದ್ದ ನಮ್ಮ ಗೆಳೆಯರ ಬಳಗ ಆ ಚಳಿಗಾಲದಲ್ಲಿ ಬಹಳ ಮೌನವಾಗಿತ್ತು.

ಇದು ಕಬಡ್ಡಿಗೆ ಮಾತ್ರ ಸೇರಿದ ಕಥೆಯಲ್ಲ. ಎದುರಾಳಿಯನ್ನು ಮೈಯಿಂದ ತಡೆದು ಕೆಡಹುವ ಇನ್ನೊಂದು ಆಟ ರಗ್ಬಿ. ಅದರಲ್ಲಿ ಆಸ್ಟ್ರೇಲಿಯಾ 1991 ಮತ್ತು 1999ರಲ್ಲಿ ವಿಶ್ವಕಪ್ ಗೆದ್ದ ದೇಶ. ಚೆಂಡು ಹಿಡಿದು ಓಡುವವರ ಚುರುಕು ಆ ತಂಡದ ಬಲ. ಎರಡೂ ಕಡೆಯ ಎಂಟೆಂಟು ಜನ ತಲೆ ತಗ್ಗಿಸಿ, ಭುಜಕ್ಕೆ ಭುಜ ಕೊಟ್ಟು ತಳ್ಳಾಡುವ 'ಸ್ಕ್ರಮ್' ಅದರ ಹಳೆಯ ದೌರ್ಬಲ್ಯ. 2007ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಇಂಗ್ಲೆಂಡ್ ಸರಿಯಾಗಿ ಅಲ್ಲಿಯೇ ಒತ್ತಿ 12–10ರಿಂದ ಗೆದ್ದಿತು. ಅಲ್ಲಿನ ಗಟ್ಟಿಮುಟ್ಟಾದ ಹುಡುಗರನ್ನು ರಗ್ಬಿ ಲೀಗ್ ಮತ್ತು ಆಸ್ಟ್ರೇಲಿಯನ್ ಫುಟ್‌ಬಾಲ್ ಎಂಬ ಬೇರೆ ಎರಡು ಆಟಗಳು ಸೆಳೆದುಕೊಳ್ಳುತ್ತವೆ. 2023ರಲ್ಲಿ ಆಸ್ಟ್ರೇಲಿಯಾ ಮೊದಲ ಬಾರಿಗೆ ವಿಶ್ವಕಪ್ಪಿನ ಗುಂಪು ಹಂತದಲ್ಲೇ ಹೊರಬಿತ್ತು. ಓಡುವವನಿಗೆ ಚೆಂಡು ಸಿಗಬೇಕಾದರೆ ಯಾರೋ ಎಂಟು ಜನ ತಳ್ಳಲೇಬೇಕು. ಅವರ ಹೆಸರು ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಹಾಗಾದರೆ ರಕ್ಷಣೆಯನ್ನು ಕಟ್ಟಿದವರು ಯಾರು? ನಮ್ಮ ಕರ್ನಾಟಕದವರೇ ಆದ ಅರ್ಜುನ ಪ್ರಶಸ್ತಿ ವಿಜೇತ ಬಿ.ಸಿ. ರಮೇಶ್ ಅವರನ್ನು ನೋಡಿ. ಅವರ ತರಬೇತಿಯಲ್ಲಿ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ಚಾಂಪಿಯನ್ ಆದವು. ಪುಣೆ ಗೆದ್ದ ಫೈನಲ್‌ನ ಅಂಕ 28–25. ಹಿಡಿದು ಗೆದ್ದ ಪಂದ್ಯ ಅದು ಎಂದು ಆ ಅಂಕವೇ ಹೇಳುತ್ತದೆ. ನಾಯಕ ಅಸ್ಲಂ ಇನಾಂದಾರ್ ರೈಡರ್ ಆಗಿದ್ದರೂ, ಆ ಸೀಸನ್ನಿನಲ್ಲಿ 99 ಟ್ಯಾಕಲ್ ಅಂಕ ಗಳಿಸಿ ಎಲ್ಲ ರಕ್ಷಕರಿಗಿಂತ ಮುಂದಿದ್ದವರು ಅದೇ ತಂಡದ ಇರಾನಿನ ಶಾದ್ಲೂಯಿ. ಅವರು ನಿಲ್ಲುವುದು ಎಡ ಕಾರ್ನರ್‌ನಲ್ಲಿ! 2025ರಲ್ಲಿ ರಮೇಶ್ ಬುಲ್ಸ್ ತರಬೇತುದಾರರಾಗಿ ಬಂದರು. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡ ಪ್ಲೇಆಫ್‌ಗೆ ಏರಿತು.

ಇರಾನಿನವರ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 2018ರ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಇರಾನ್ ಭಾರತವನ್ನು 27–18ರಿಂದ ಸೋಲಿಸಿತು. ಅಲ್ಲಿಯವರೆಗೆ ಪುರುಷರ ಚಿನ್ನ ಒಮ್ಮೆಯೂ ನಮ್ಮ ಕೈ ತಪ್ಪಿರಲಿಲ್ಲ. 'ಸುಲ್ತಾನ್' ಎಂದು ಕರೆಸಿಕೊಳ್ಳುವ ಫಜಲ್ ಅತ್ರಾಚಲಿ, ಅವರೂ ಎಡ ಕಾರ್ನರ್, ಪ್ರೊ ಕಬಡ್ಡಿಯಲ್ಲಿ ಅತಿ ಹೆಚ್ಚು ಟ್ಯಾಕಲ್ ಅಂಕ ಪಡೆದವರು. ಇರಾನಿನಲ್ಲಿ ಕುಸ್ತಿಗೆ ಬಹಳ ದೊಡ್ಡ ಸ್ಥಾನವಿದೆ. ಕಾಲು ಹಿಡಿಯುವುದು, ಸೊಂಟ ಹಿಡಿದು ಎತ್ತುವುದು, ಬಿದ್ದರೂ ಬಿಡದಿರುವುದು ಅಲ್ಲಿಯ ಹುಡುಗರಿಗೆ ಹೊಸದಲ್ಲ. ಇದನ್ನು ಓದಿದಾಗ ನನಗೆ ಒಂದು ವಿಷಯ ಹೊಳೆಯಿತು. ಜಾತ್ರೆಗೂ ಉರುಸಿಗೂ ಕುಸ್ತಿ ಇಡಿಸುವ ಕಲಬುರಗಿ ಸೀಮೆಯ ನಮಗೇನು ಅದು ಹೊಸದೇ? ಹಾಗಿದ್ದರೂ ನಮ್ಮ ಹುಡುಗರು ಹಿಡಿಯಲು ಏಕೆ ಹಿಂಜರಿಯುತ್ತಾರೆ?

ಉತ್ತರ ನಮ್ಮ ಕಾಲ ಕೆಳಗಿದೆ. ಗರಡಿಯಲ್ಲಿ ಮಣ್ಣನ್ನು ಅಗೆದು, ಹದ ಮಾಡಿ, ಮೆತ್ತಗೆ ಇಡುತ್ತಾರೆ. ವಾಡಿಯ ನೆಲ ಸುಣ್ಣಕಲ್ಲಿನದು. ಅದರಿಂದ ಸಿಮೆಂಟ್ ಆಗುತ್ತದೆ, ಪಕ್ಕದ ಶಹಾಬಾದಿನ ಫರ್ಸಿ ಊರೂರಿಗೆ ಹೋಗುತ್ತದೆ. ಆದರೆ ಆ ನೆಲದ ಮೇಲೆ ಹಾರಿ ಬಿದ್ದು ರೈಡರ್‌ನ ಕಾಲು ಹಿಡಿಯಿರಿ ನೋಡೋಣ! ಮೊಣಕೈ, ಮೊಣಕಾಲು ಎರಡೂ ಸುಲಿಯುತ್ತವೆ. ನನ್ನ ಮೊಣಕೈ ಮೇಲಿನ ಕಲೆಗಳನ್ನು ನೋಡಿ ಅಮ್ಮಿ ಈಗ ಬಯ್ಯುವುದನ್ನೇ ಬಿಟ್ಟಿದ್ದಾರೆ. ಗಟ್ಟಿ ನೆಲದಲ್ಲಿ ಓಡಬಹುದು, ತಪ್ಪಿಸಿಕೊಳ್ಳಬಹುದು, ಬೀಳಲು ಮಾತ್ರ ಭಯ. ಹಾಗಾಗಿ ಈ ನೆಲ ರೈಡರ್‌ಗಳನ್ನು ಬೆಳೆಸುತ್ತದೆ, ಹಿಡಿಯುವವರನ್ನು ಬೆಳೆಸುವುದಿಲ್ಲ.

ಕಳೆದ ಬಾರಿಯ ತಾಲ್ಲೂಕು ಕ್ರೀಡಾಕೂಟದಲ್ಲಿ ಇದನ್ನೇ ಕಂಡೆವು. ನಮ್ಮ ಅಂಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ರೈಡರ್‌ನವು. ದ್ವಿತೀಯಾರ್ಧದಲ್ಲಿ ಅವನು ಸಿಕ್ಕಿಬಿದ್ದು ಹೊರಗೆ ಕುಳಿತ. ಸುತ್ತಲಿನವರು "ಹಿಡಿಲೇ!" ಎಂದೂ "ಪಕಡ್ ರೇ!" ಎಂದೂ ಕೂಗುತ್ತಿದ್ದರು. ನಮ್ಮ ಚೈನ್ ಮುಂದೆ ಹೋಗಲಿಲ್ಲ. ಎದುರಾಳಿಗಳು ಒಂದೊಂದೇ ಅಂಕ ಒಯ್ದು ನಮ್ಮನ್ನು ಆಲೌಟ್ ಮಾಡಿದರು. ಹೊರಗೆ ಕುಳಿತವನ ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಎದ್ದು ಬರಲು ಅವನು ತಯಾರಿದ್ದ, ಕರೆತರುವವರು ಇರಲಿಲ್ಲ.

ಆ ರೈಡರ್ ಈ ವರ್ಷ ನನ್ನೊಂದಿಗೇ ದ್ವಿತೀಯ ಪಿಯುಸಿ ಪರೀಕ್ಷೆ ಬರೆದು ಹೋಗುತ್ತಾನೆ. "ಇನ್ನು ತಂಡದ ಕಥೆ ಮುಗಿಯಿತು, ಅಂಥ ರೈಡರ್ ಮತ್ತೆಲ್ಲಿ ಸಿಗುತ್ತಾನೆ?" ಎಂದು ಕಿರಿಯರು ಕೇಳುತ್ತಿದ್ದಾರೆ. ಅವರಿಗೆ ನನ್ನ ಮಾತು ಇಷ್ಟೆ: ಅಂಥವನನ್ನು ಹುಡುಕುತ್ತ ಕೂಡಬೇಡಿ. ಮೊದಲು ನೆಲ ಅಗೆಯಿರಿ. ಮ್ಯಾಟ್‌ಗೆ ದೊಡ್ಡ ಹಣ ಬೇಕು, ಮಣ್ಣಿಗೆ ಬೇಕಾದದ್ದು ಗುದ್ದಲಿ ಮತ್ತು ಒಂದೆರಡು ರವಿವಾರ. ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ, ಅಷ್ಟೆ. ಕಲ್ಲು ಆರಿಸಿ, ಮೇಲೆ ಸಣ್ಣ ಮಣ್ಣು ಹರಡಿ, ನೀರು ಚಿಮುಕಿಸಿದರೆ ಬೀಳುವ ಭಯ ಅರ್ಧ ಹೋಗುತ್ತದೆ. ಪಿ.ಟಿ. ಸರ್ ಒಪ್ಪಿದ್ದಾರೆ. ಹುಡುಗಿಯರ ತಂಡಕ್ಕೂ ಅದೇ ಅಂಕಣ ಸಾಕು. ಭಾರತಕ್ಕೆ ಚಿನ್ನ ತಂದ ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ನಮ್ಮ ರಾಜ್ಯದವರೇ ಎಂಬುದನ್ನು ಅವರು ಮರೆಯಬಾರದು.

ನೆಲ ಹದವಾದ ಮೇಲೆ ಹಿಡಿತ ಕಲಿಯಿರಿ. ಸರ್ ನನಗೆ ಮೊದಲ ದಿನ ಹೇಳಿದ್ದು, "ರೈಡರ್ ಬರೂ ಮುಂದ ಹಾರಬ್ಯಾಡ, ತಿರುಗಿ ಹೋಗೂ ಹೆಜ್ಜಿಗಿ ಕಾಯಿ." ಕಾರ್ನರ್‌ನವನ ಕೆಲಸ ಮುಕ್ಕಾಲು ಪಾಲು ಕಾಯುವುದೇ. ಪಕ್ಕದವನ ಕೈ ಬಿಡದೆ ಕಾಯಬೇಕು, ಏಕೆಂದರೆ ನಾನು ಕಾಲು ಹಿಡಿದ ಕ್ಷಣ ಅವನು ಬರದಿದ್ದರೆ ನನ್ನ ಹಿಡಿತ ಒಂದು ಸೆಕೆಂಡೂ ನಿಲ್ಲದು. ಜೂನ್‌ನಲ್ಲಿ ತಂಡದ ಆಯ್ಕೆ ನಡೆಯುತ್ತದೆ. ಎಲ್ಲರೂ ರೈಡ್ ಮಾಡಿ ತೋರಿಸಲು ಸಾಲು ನಿಲ್ಲುತ್ತಾರೆ. ಎಡ ಕಾರ್ನರ್ ಜಾಗ ಖಾಲಿ ಇದೆ, ಅಲ್ಲಿ ಸಾಲು ಇರುವುದಿಲ್ಲ.